ಒಬ್ಬ ದೊಡ್ಡಪ್ಪ ಸಾಕು

ಬೆಂಗಳೂರಿನ ಕೆಲವು ಗೆಳೆಯರು ಸೇರಿ ಕನ್ನಡ ಪುಸ್ತಕಗಳಿಗೆ ಒಂದು ಮೊಬೈಲ್ ಆ್ಯಪ್ ಮಾಡುತ್ತಿದ್ದಾರೆ. ಹುಡುಕುವುದು, ಹರಟುವುದು, ಕೊಳ್ಳುವುದು ಎಲ್ಲ ಅದರಲ್ಲೇ. ಅದರ ಸ್ಕ್ರೀನುಗಳನ್ನು ಡಿಸೈನ್ ಮಾಡುವ ಕೆಲಸ ನನ್ನದು. ದಾವಣಗೆರೆಯ ನಮ್ಮ ಮನೆಯ ಮಹಡಿಯಲ್ಲಿ ಕೂತು ಮಾಡುತ್ತೇನೆ.

ನಮ್ಮ ಕಸುಬಿನಲ್ಲಿ ಯಾಕೊಬ್ ನೀಲ್ಸನ್ ಅಂತ ಒಬ್ಬ ಹಿರಿಯರಿದ್ದಾರೆ. ನಾವು ಮಾಡಿದ್ದನ್ನು ಐದು ಜನರ ಕೈಗೆ ಕೊಟ್ಟು ಸುಮ್ನೆ ನೋಡುತ್ತಾ ಕೂತರೆ ಸಾಕು, ಶೇಕಡಾ 85ರಷ್ಟು ತೊಡಕುಗಳು ಹೊರಗೆ ಬೀಳುತ್ತವೆ ಅಂತ 2000ನೇ ಇಸವಿಯಲ್ಲೇ ಬರೆದಿದ್ದಾರೆ. ಅವರಿಗೆ ನಮ್ಮ ದೊಡ್ಡಪ್ಪನ ಪರಿಚಯ ಇರಲಿಲ್ಲ. ಇದ್ದಿದ್ದರೆ ಒಬ್ಬರೇ ಸಾಕು ಅಂತ ಬರೆಯುತ್ತಿದ್ದರು.

ದೊಡ್ಡಪ್ಪ ಕಾಟನ್ ಮಿಲ್ಲಿನಲ್ಲಿ ದುಡಿದವರು. ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಅದು. ಪಾಳಿ ಮುಗಿಸಿ ಬಂದು ಕಾದಂಬರಿ ಓದುವ ಚಟ ಹತ್ತಿತು. ಮಿಲ್ಲು ಮುಚ್ಚಿತು, ಚಟ ಹಾಗೇ ಉಳಿಯಿತು.

ಹುಡುಕುವ ಜಾಗದಲ್ಲಿ ಪುಸ್ತಕದ ಹೆಸರೋ ಲೇಖಕರ ಹೆಸರೋ ಹಾಕಿ ಅಂದೆ. ಅವರು ಮೈಕಿನ ಗುರುತು ಒತ್ತಿ, ಫೋನನ್ನು ಬಾಯಿ ಹತ್ತಿರ ಹಿಡಿದು, "ನೀಲಿ ರಟ್ಟಿಂದು. ಕೊನೀಗೆ ಆ ಹುಡುಗಿ ಸಾಯ್ತಾಳಲ್ಲ, ಅದು" ಅಂದರು. ಆ್ಯಪ್ ಏನನ್ನೂ ತೋರಿಸಲಿಲ್ಲ. "ಇದು ಏನೂ ಓದೇ ಇಲ್ಲ ಬಿಡಲೇ" ಅಂತ ತೀರ್ಪು ಬಂತು. ಅವರದು ಅನ್ಯಾಯದ ಮಾತೇನಲ್ಲ. ಓದುಗರ ತಲೆಯಲ್ಲಿ ಉಳಿಯುವುದು ರಟ್ಟಿನ ಬಣ್ಣ ಮತ್ತು ಯಾರು ಸತ್ತರು ಅನ್ನೋದು. ನಮ್ಮ ಪಟ್ಟಿಯಲ್ಲಿ ಇರುವುದು ಪ್ರಕಾಶಕರು, ಪುಟ, ಬೆಲೆ.

ಇನ್ನು ಪುಸ್ತಕದ ಪರಿಚಯದ ಮಾತುಗಳು. ಒಬ್ಬ ಪ್ರಕಾಶಕರು ಅದನ್ನೆಲ್ಲ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿ ಕಳಿಸಿದ್ದರು. ಆ ಹಳೇ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿಕೊಂಡಿರುತ್ತವೆ. ಫೋನಿಗೆ ಗೊತ್ತಿರುವುದು ಯೂನಿಕೋಡ್ ಮಾತ್ರ, ಅದರಲ್ಲಿ ಕನ್ನಡದ ಅಕ್ಷರಗಳಿಗೆ ಬೇರೆಯೇ ಜಾಗ ಇದೆ. ಹಾಗಾಗಿ ಸ್ಕ್ರೀನಿನ ಮೇಲೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಸೊಟ್ಟ ಚಿಹ್ನೆಗಳೆಲ್ಲ ಕಲಸಿಕೊಂಡು ಕೂತಿದ್ದವು. ದೊಡ್ಡಪ್ಪ ಕನ್ನಡಕ ಏರಿಸಿ ಪೂರ್ತಿ ನೋಡಿದರು. "ಇದು ನವ್ಯ ಕಾವ್ಯ ಏನು?" ಅಂತ ಕೇಳಿದರು.

ಬಾರ್‌ಕೋಡ್ ತೋರಿಸಿದರೆ ಪುಸ್ತಕ ತಾನೇ ಗುರುತು ಹಿಡಿಯುವ ವ್ಯವಸ್ಥೆಯೂ ಇದೆ. ದೊಡ್ಡಮ್ಮನಿಗೆ ಇದು ಜಾಸ್ತಿ ಇಷ್ಟವಾಯಿತು. ಬಟ್ಟೆ ಸೋಪಿನ ಪ್ಯಾಕೆಟ್ಟಿಗೆ ಹಿಡಿದರು. ನಮ್ಮ ದೇಶದ ಸಾಮಾನುಗಳ ಬಾರ್‌ಕೋಡ್ ಹೆಚ್ಚಾಗಿ 890ರಿಂದ ಶುರು, ಪುಸ್ತಕದ್ದು 978ರಿಂದ. ಅಷ್ಟು ವ್ಯತ್ಯಾಸ ನಮ್ಮ ಆ್ಯಪಿಗೆ ಇನ್ನೂ ಕಲಿಸಿರಲಿಲ್ಲ. ಅದು ಬಹಳ ವಿನಯದಿಂದ, "ಈ ಪುಸ್ತಕ ಸದ್ಯ ಲಭ್ಯವಿಲ್ಲ, ಬಂದ ಕೂಡಲೇ ತಿಳಿಸುತ್ತೇವೆ" ಅಂತು. "ಅಂಗಡ್ಯಾಗೆ ಐತಲ್ಲಪ್ಪಾ, ನಾನೇ ತಂದಿದ್ದು" ಅಂದರು ದೊಡ್ಡಮ್ಮ.

ದೊಡ್ಡಪ್ಪನ ಕಪಾಟಿನ ಮುಂದಂತೂ ಸ್ಕ್ಯಾನರಿಗೆ ಕೆಲಸವೇ ಇಲ್ಲ. ಅರ್ಧ ಪುಸ್ತಕಗಳು ಬಾರ್‌ಕೋಡಿಗಿಂತ ಹಿರಿಯವು. ಇನ್ನರ್ಧ ವಾರಪತ್ರಿಕೆಯ ಧಾರಾವಾಹಿಗಳು. ವಾರವಾರ ಹಾಳೆ ಕಿತ್ತಿಟ್ಟು, ದಬ್ಬಣದಲ್ಲಿ ಹೊಲೆದು, ಹಳೇ ಕ್ಯಾಲೆಂಡರಿನ ರಟ್ಟು ಹಾಕಿದ್ದಾರೆ. ಆ್ಯಪ್ "ಪ್ರಕಾಶಕರು?" ಅಂತ ಕೇಳಿತು. "ನಾನೇ ಅಂತ ಹಾಕು" ಅಂದರು.

ಹರಟೆಯ ವಿಭಾಗದ ಮೇಲೆ ಗೆಳೆಯರಿಗೆ ಭಾರೀ ಆಸೆ. ದೊಡ್ಡಪ್ಪನ ಜೊತೆ ಕುಂದುವಾಡ ಕೆರೆ ಏರಿಯ ಮೇಲೆ ಬೆಳಗ್ಗೆ ವಾಕಿಂಗ್ ಮಾಡುವ ಬಳಗವನ್ನೂ ಸೇರಿಸಿದೆವು. ಮೊದಲ ಚರ್ಚೆ ಗುಲಾಬಿ ಹೂವಿನ ಜೊತೆ "ಶುಭೋದಯ". ಎರಡನೆಯದೂ ಅದೇ, ಹೂವು ಬೇರೆ. ಕಥೆಯ ಕೊನೆ ಬಯಲಾಗದಿರಲಿ ಅಂತ ಒಂದು ಬೂದು ಪಟ್ಟಿ ಮಾಡಿದ್ದೆ. ಒತ್ತಿದರೆ ಮಾತ್ರ ಒಳಗಿನದು ಕಾಣುತ್ತದೆ. ಎಲ್ಲರೂ ಬೇರೆ ಏನನ್ನೂ ಓದದೆ ಅದನ್ನೇ ಮೊದಲು ಒತ್ತಿದರು.

ಕೊಳ್ಳುವ ಪುಟಕ್ಕೆ ಬಂದೆವು. ದೊಡ್ಡಪ್ಪ ಚುರುಕಾದರು.

"ಜಿಎಸ್‌ಟಿ ಎಷ್ಟು ಬಡಿದೀರಿ?"

"ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಸೊನ್ನೆ ದೊಡ್ಡಪ್ಪ."

"ಹಂಗಾದ್ರೆ ರಿಯಾಯಿತಿ?"

"ಶೇಕಡಾ 10."

"ನವೆಂಬರ್ ಬರ್ಲಿ. ರಾಜ್ಯೋತ್ಸವಕ್ಕೆ ಇನ್ನೂ ಇಳಿಸ್ತಾರೆ."

ಅಂದು ಜೂನ್. ಬಳಗದ ಎಲ್ಲರ ಬುಟ್ಟಿಯಲ್ಲೂ ಪುಸ್ತಕಗಳು ತುಂಬಿ ನವೆಂಬರಿಗೆ ಕಾಯುತ್ತಾ ಕೂತವು. ಬೆಂಗಳೂರಿನಿಂದ ಫೋನ್ ಬಂತು: "ಆಯ್ಕೆ ಮಾಡ್ತಿದ್ದಾರೆ, ದುಡ್ಡು ಕಟ್ತಿಲ್ಲ. ಬಟನ್ ಬಣ್ಣ ಬದಲಾಯಿಸೋಣ್ವಾ?"

ದೊಡ್ಡಪ್ಪನಿಗೆ ಬೇಕಾದ ಬಟನ್ನೇ ಬೇರೆ. "ಓದಾಕೆ ಇಸ್ಕಂಡು ಹೋಗೋದು ಎಲ್ಲೈತೆ?" ಅಂದರು. ಅದಿಲ್ಲ ಅಂದೆ. "ಹೋಗ್ಲಿ, ಇಸ್ಕಂಡು ಹೋದೋರು ತಂದು ಕೊಡೋದು?" ಅದೂ ಇಲ್ಲ ಅಂದಾಗ ಮುಖ ಗಂಭೀರವಾಯಿತು. ಒಳಗಿನಿಂದ ಹಳೇ ಡೈರಿ ತಂದರು. ಯಾರು, ಯಾವ ಪುಸ್ತಕ, ಯಾವ ತಾರೀಕು, ಎಲ್ಲ ಬರೆದಿಟ್ಟಿದ್ದರು. ನಾನು ಊಟಕ್ಕೆ ಇಳಿದು ಹೋಗಿ ಬರುವಷ್ಟರಲ್ಲಿ ಆ ಪುಟದ ಫೋಟೋ ಹರಟೆ ವಿಭಾಗದಲ್ಲಿತ್ತು. ಮೇಲೊಂದು ಸಾಲು: "ಇವರಿಗೆ ಬುದ್ಧಿ ಯಾವಾಗ?"

ಆಗ ನೋಡಿ, ಚರ್ಚೆ ಅಂದರೆ ಚರ್ಚೆ. ಹಿಂದಿನ ಬೀದಿಯ ಮೇಷ್ಟ್ರು, ನಾನು ಒಯ್ದ ಪುಸ್ತಕ ವಾಪಸ್ ಬಂದಿದೆ, ನಿಮ್ಮ ತಮ್ಮ ಮಂಡಕ್ಕಿ ತಿನ್ನುತ್ತಾ ಇಸಿದುಕೊಂಡಿದ್ದು ನನಗೆ ಚೆನ್ನಾಗಿ ನೆನಪಿದೆ ಅಂತ ಬರೆದರು. ತಮ್ಮ ಅಂದರೆ ನಮ್ಮಪ್ಪ. ಅಪ್ಪ ಆ್ಯಪ್ ಹಾಕಿಕೊಂಡಿದ್ದೇ ಇದಕ್ಕೆ ಉತ್ತರ ಕೊಡಲು. ಇನ್ನೊಬ್ಬರು, ಅದು ನಿಮ್ಮ ಪುಸ್ತಕವೇ ಅಲ್ಲ, 1984ರಲ್ಲಿ ನನ್ನಿಂದ ತಂದಿದ್ದು ಅಂತ ಅದೇ ಫೋಟೋದ ಕೆಳಗೆ ಕೇಸು ಹಾಕಿದರು. ರಾತ್ರಿ ಹನ್ನೊಂದಾದರೂ ಫೋನು ಟಿಂಗ್ ಅನ್ನುತ್ತಲೇ ಇತ್ತು. ಬೆಂಗಳೂರಿನ ಗೆಳೆಯರಿಗೆ ಖುಷಿಯೋ ಖುಷಿ. ಒಂದು ಪುಸ್ತಕವೂ ಮಾರಿಲ್ಲ, ಆದರೂ ಇಷ್ಟು ಹೊತ್ತು ಜನ ಆ್ಯಪಿನೊಳಗೆ ಇದ್ದದ್ದೇ ಇಲ್ಲವಂತೆ.

ಮಾರನೇ ದಿನ ಮೇಷ್ಟ್ರ ಮೊಮ್ಮಗ ಒಂದು ಚೀಲ ತಂದು ಗೇಟಿಗೆ ನೇತುಹಾಕಿ ಓಡಿಹೋದ. ಒಳಗೆ ಆ ಪುಸ್ತಕ. ನಡುವೆ ಗುರುತಿಗೆ ಒಂದು ಮದುವೆ ಕರೆಯೋಲೆ. ಆ ಮದುವೆಯ ಹುಡುಗನ ಮಗ ಈಗ ಇಂಜಿನಿಯರಿಂಗ್ ಓದುತ್ತಿದ್ದಾನೆ.

ದೊಡ್ಡಪ್ಪ ಡೈರಿಯಲ್ಲಿ ಒಂದು ಸಾಲು ಹೊಡೆದು ಹಾಕಿ, ನನ್ನ ಕಡೆ ತಿರುಗಿದರು.

"ಇದ್ರಾಗೆ ಬಡ್ಡಿ ಹಾಕಾಕೆ ಬರ್ತೈತೇನಲೇ?"