ಈ ವರ್ಷ ಕೊಂಡಿರಿ, ಸರಿ. ಮುಂದಿನ ವರ್ಷ?

ಪ್ಯಾಕೆಟ್ ತಿರುಗಿಸಿ ಹಿಂಬದಿ ಓದುವ ಗಿರಾಕಿಗಳನ್ನು ಕಂಡರೆ ನನಗೆ ಖುಷಿ. ಅಂಥವರು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಇದಕ್ಕೆ ಫೇರ್‌ಟ್ರೇಡ್ ಸೀಲ್ ಇದೆಯಾ?" ಬೆಳೆಗಾರರಿಗೆ ನ್ಯಾಯವಾದ ಬೆಲೆ ಕೊಟ್ಟು ಕೊಂಡ ಮಾಲು ಅಂತ ಹೇಳುವ ಮುದ್ರೆ ಅದು. ನಮ್ಮ ಅಂಗಡಿಯ ಕೆಲವು ಟೀ, ಕಾಫಿಗೆ ಇದೆ, ಕೆಲವಕ್ಕೆ ಇಲ್ಲ. ಇಲ್ಲ ಅಂದ ಕೂಡಲೇ ಮುಖ ಸಪ್ಪಗಾಗುತ್ತದೆ. ಇವನೂ ಸುಮ್ನೆ ನ್ಯಾಯದ ವ್ಯಾಪಾರ, ಎಥಿಕಲ್ ಅಂತ ಬೋರ್ಡ್ ಹಾಕ್ಕೊಂಡಿದ್ದಾನೆ ಅನ್ನುವ ಅನುಮಾನ. ಅನುಮಾನ ಪಡುವುದು ಒಳ್ಳೆಯದೇ. ಆದರೆ ಅದಕ್ಕೆ ಉತ್ತರ ಕೌಂಟರಿನಲ್ಲಿ ನಿಂತು ಎರಡು ನಿಮಿಷದಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಒಂದು ಕಪ್ ಮಾಡ್ಕೊಂಡು ಕೂತ್ಕೊಳ್ಳಿ.

ಮೊದಲು ಸೀಲ್ ವಿಷಯ. ಇದು ಶುರುವಾಗಿದ್ದೇ ಕಾಫಿಯಿಂದ. 1988ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಮ್ಯಾಕ್ಸ್ ಹ್ಯಾವೆಲಾರ್ ಅನ್ನುವ ಲೇಬಲ್ ಬಂತು. ಮೆಕ್ಸಿಕೋದ ಸಣ್ಣ ಬೆಳೆಗಾರರ ಕಾಫಿಗೆ ನ್ಯಾಯವಾದ ಬೆಲೆ ಕೊಟ್ಟು, ಅದನ್ನು ಸಾಮಾನ್ಯ ಅಂಗಡಿಗಳಲ್ಲೇ ಮಾರಬೇಕು ಅನ್ನುವುದು ಉದ್ದೇಶ. ಮರುವರ್ಷ, ಅಂದರೆ 1989ರ ಜುಲೈನಲ್ಲಿ, ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು. ಯಾವ ದೇಶ ಎಷ್ಟು ಕಾಫಿ ಹೊರಗೆ ಕಳಿಸಬಹುದು ಅನ್ನುವ ಮಿತಿ ಹೋಯಿತು, ಬೆಲೆ ಕುಸಿಯಿತು. 2001ರ ಕೊನೆಯ ಹೊತ್ತಿಗೆ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಕಾಫಿ ಪೌಂಡಿಗೆ (ಸುಮಾರು 450 ಗ್ರಾಂ ತೂಕ) 50 ಸೆಂಟ್‌ಗಿಂತ ಕೆಳಗಿತ್ತು. ಬೆಳೆಯುವ ಖರ್ಚೂ ಹುಟ್ಟದ ಬೆಲೆ ಅದು. ಆಗ ಕನಿಷ್ಠ ಬೆಲೆ ಗ್ಯಾರಂಟಿ ಕೊಟ್ಟ ಸೀಲ್ ಎಷ್ಟೋ ಮನೆಗಳನ್ನು ಉಳಿಸಿತು. ಅದನ್ನು ಯಾರೂ ಅಲ್ಲಗಳೆಯಬಾರದು.

ಈಗ ಲೆಕ್ಕ ನೋಡಿ. ತೊಳೆದು ಸಂಸ್ಕರಿಸಿದ ಅರೇಬಿಕಾಕ್ಕೆ ಫೇರ್‌ಟ್ರೇಡ್ ಕನಿಷ್ಠ ಬೆಲೆ ಪೌಂಡಿಗೆ 1.40 ಡಾಲರ್ ಇತ್ತು, 2023ರ ಆಗಸ್ಟ್‌ನಿಂದ 1.80 ಆಯಿತು. ಅದರ ಮೇಲೆ ಪೌಂಡಿಗೆ 20 ಸೆಂಟ್ ಪ್ರೀಮಿಯಂ, ಅಂದರೆ ಹೆಚ್ಚುವರಿ ದುಡ್ಡು. ಆದರೆ ಈ ದುಡ್ಡು ಹೋಗುವುದು ಸಹಕಾರ ಸಂಘಕ್ಕೆ, ಅದೂ ಮಾಲು ಹಡಗು ಹತ್ತುವ ಹಂತದ ಬೆಲೆಯಾಗಿ. ಸಂಸ್ಕರಣೆ, ಸಾಗಾಣಿಕೆ, ಸಂಘದ ಖರ್ಚು, ಸಾಲದ ಬಡ್ಡಿ ಎಲ್ಲಾ ಕಳೆದು ಉಳಿದದ್ದು ಬೆಳೆಗಾರನ ಕೈಗೆ. 2025ರ ಫೆಬ್ರವರಿಯಲ್ಲಿ ಮಾರುಕಟ್ಟೆ ಬೆಲೆಯೇ 4 ಡಾಲರ್ ದಾಟಿತು. ಆಗ 1.80ರ ಕನಿಷ್ಠ ಬೆಲೆ ಇದ್ದೂ ಇಲ್ಲದ ಹಾಗೆ. ಬಿದ್ದಾಗ ಹಿಡಿಯುವ ಬಲೆ ಅದು, ಮೇಲೆ ಹತ್ತುವವನಿಗೆ ಅದರಿಂದ ಏನೂ ಆಗಬೇಕಿಲ್ಲ.

ಬೆಲೆ ಏರಿದರೆ ಬೆಳೆಗಾರರಿಗೆ ಒಳ್ಳೆಯದು ತಾನೇ ಅಂತ ಕೇಳಬಹುದು. ಮಾರಲು ಮಾಲು ಇದ್ದವರಿಗೆ ಹೌದು. ಆದರೆ ಬೆಲೆ ಏರುವುದೇ ಎಷ್ಟೋ ಸಲ ಬರ, ಹಿಮ ಬಿದ್ದು ಫಸಲು ಹೋದಾಗ. ಇನ್ನೊಂದು ತೊಂದರೆಯೂ ಇದೆ. ಸಂಘ ತಿಂಗಳುಗಳ ಹಿಂದೆ ಕಡಿಮೆ ಬೆಲೆಗೆ ಮಾರಾಟ ಒಪ್ಪಿಕೊಂಡಿರುತ್ತದೆ. ಅಷ್ಟರಲ್ಲಿ ದಲ್ಲಾಳಿ ಬಂದು ಬೆಳೆಗಾರನ ಅಂಗಳದಲ್ಲೇ ನಗದು ಎಣಿಸುತ್ತಾನೆ. 2021ರಲ್ಲಿ ಕೊಲಂಬಿಯಾದಲ್ಲಿ ಹೀಗೇ ಆಗಿ, ಒಪ್ಪಿಕೊಂಡ ಕಾಫಿಯಲ್ಲಿ ಬಹಳಷ್ಟು ಸಂಘಗಳ ಕೈಗೇ ಬರಲಿಲ್ಲ. ಬೆಳೆಗಾರನ ತಪ್ಪು ಅಂತ ನಾನಂತೂ ಹೇಳಲ್ಲ. ಬೆಲೆ ಬಿದ್ದಾಗ ಕೊಳ್ಳುವವರು ಅವನಿಗೆ ಯಾವತ್ತು ನಿಷ್ಠರಾಗಿದ್ದರು?

ಸೀಲ್ ಇಲ್ಲದ್ದೆಲ್ಲ ಮೋಸ ಅಂತಲೂ ಅಲ್ಲ. ಈ ಸೀಲಿನ ನಿಯಮ ಮಾಡುವ ಸಂಸ್ಥೆ ಫೇರ್‌ಟ್ರೇಡ್ ಇಂಟರ್‌ನ್ಯಾಷನಲ್ ಕಾಫಿಗೆ ಸೀಲ್ ಕೊಡುವುದು ಸಣ್ಣ ಬೆಳೆಗಾರರ ಸಂಘಗಳಿಗೆ ಮಾತ್ರ. ಯಾವ ಸಂಘಕ್ಕೂ ಸೇರದೆ ನಾಲ್ಕು ಎಕರೆಯಲ್ಲಿ ಒಳ್ಳೆ ಕಾಫಿ ಬೆಳೆದು, ಆಳುಗಳಿಗೆ ಸರಿಯಾದ ಕೂಲಿ ಕೊಡುವವನಿಗೆ ಬೇಕೆಂದರೂ ಆ ಸೀಲ್ ಸಿಗಲ್ಲ. ಕಪ್ಪೆ ಚಿತ್ರದ ರೈನ್‌ಫಾರೆಸ್ಟ್ ಅಲಯನ್ಸ್ ಸೀಲ್ ಬೇರೆಯದೇ. ಅದರಲ್ಲಿ ಕಾಡು, ಮಣ್ಣು, ಕೆಲಸದ ಸ್ಥಿತಿ ಎಲ್ಲಾ ನೋಡುತ್ತಾರೆ, ಆದರೆ ಫೇರ್‌ಟ್ರೇಡ್ ಥರ ಕನಿಷ್ಠ ಬೆಲೆ ಇಲ್ಲ. ಇನ್ನು "ಡೈರೆಕ್ಟ್ ಟ್ರೇಡ್", ಅಂದರೆ ಬೆಳೆಗಾರರಿಂದಲೇ ನೇರವಾಗಿ ಕೊಂಡದ್ದು ಅನ್ನುವುದಕ್ಕೆ ಎಲ್ಲರೂ ಒಪ್ಪಿದ ನಿಯಮವೇ ಇಲ್ಲ. ಯಾರು ಬೇಕಾದರೂ ಬರೆದುಕೊಳ್ಳಬಹುದು. ತೋಟಕ್ಕೆ ಒಂದು ಸಲ ಹೋಗಿ ಫೋಟೋ ತೆಗೆಸಿಕೊಂಡು ಬಂದವರೂ ಬರೆದುಕೊಳ್ಳುತ್ತಾರೆ.

ಟೀ ಕಥೆ ಇನ್ನೂ ಜಟಿಲ. ನನ್ನ ಪ್ರಕಾರ ಎಥಿಕಲ್ ಅಂತ ಬೋರ್ಡ್ ಹಾಕುವ ಅಂಗಡಿಗಳು ಜಾರಿಬೀಳುವುದು ಇಲ್ಲೇ. ಕಾಫಿ ಹೆಚ್ಚಾಗಿ ಸಣ್ಣ ಹಿಡುವಳಿದಾರರ ಬೆಳೆ. ಟೀಯಲ್ಲಿ ದೊಡ್ಡ ಎಸ್ಟೇಟುಗಳ ಪಾಲು ಬಹಳ. ಅಸ್ಸಾಂ, ಡಾರ್ಜಿಲಿಂಗ್ ತೋಟಗಳಲ್ಲಿ ಎಲೆ ಕೀಳುವ ಹೆಂಗಸಿಗೆ ಸಿಗುವುದು ದಿನಗೂಲಿ. ಇಷ್ಟು ಕೆಜಿ ಎಲೆ ಕೀಳಬೇಕು ಅನ್ನುವ ಲೆಕ್ಕ ಇರುತ್ತದೆ. ಒಂದು ಕೆಜಿ ಟೀ ಆಗಬೇಕಾದರೆ ನಾಲ್ಕೈದು ಕೆಜಿ ಹಸಿ ಎಲೆ ಬೇಕು. ಆ ಟೀ ಹರಾಜಿನಲ್ಲಿ ದುಪ್ಪಟ್ಟು ಬೆಲೆಗೆ ಹೋದರೂ ಆ ದಿನದ ಅವಳ ಕೂಲಿ ಅಷ್ಟೇ. ಮನೆ, ಆಸ್ಪತ್ರೆ, ಶಾಲೆ ಎಲ್ಲಾ ತೋಟದ್ದೇ ಆಗಿದ್ದರೆ ಕೆಲಸ ಬಿಟ್ಟು ಹೋಗುವುದೂ ಸುಲಭ ಅಲ್ಲ. ಹಾಗಾಗಿ "ಟೀಗೆ ಜಾಸ್ತಿ ದುಡ್ಡು ಕೊಟ್ಟಿದ್ದೇವೆ" ಅಂದರೆ, ಯಾರಿಗೆ ಕೊಟ್ಟಿರಿ ಅಂತ ಕೇಳಲೇಬೇಕು. ಕೀನ್ಯಾದಲ್ಲಿ ಬೇರೆ ಥರ. ಅಲ್ಲಿ ಲಕ್ಷಾಂತರ ಸಣ್ಣ ಬೆಳೆಗಾರರು ತಮ್ಮದೇ ಪಾಲಿರುವ ಫ್ಯಾಕ್ಟರಿಗಳಿಗೆ ಎಲೆ ಹಾಕುತ್ತಾರೆ. ತಿಂಗಳಿಗೊಮ್ಮೆ ಒಂದಿಷ್ಟು ದುಡ್ಡು, ವರ್ಷದ ಕೊನೆಗೆ ಬೋನಸ್. ಅಲ್ಲಿಯೂ ಬೋನಸ್ ಕಮ್ಮಿಯಾಯಿತು ಅಂತ ಜಗಳ ಇದ್ದದ್ದೇ. ಆದರೂ ಬೆಲೆ ಏರಿದರೆ ಎಲೆ ಬೆಳೆದವರಿಗೂ ಒಂದಿಷ್ಟು ಬರುವ ದಾರಿ ಇದೆ.

ಸೀಲ್ ಹಾಕಿದ ಟೀ ಬಗ್ಗೆ ಇನ್ನೊಂದು ಮಾತು. ಫೇರ್‌ಟ್ರೇಡ್ ಕಾಫಿಯನ್ನು ಬೇರೆ ಕಾಫಿ ಜತೆ ಬೆರೆಸದೆ, ಬೆಳೆದ ಜಾಗದಿಂದ ಗುರುತು ಹಿಡಿದುಕೊಂಡು ತರಬೇಕು. ಟೀಗೆ ಆ ನಿಯಮ ಸಡಿಲ. ಎಷ್ಟು ಕೊಂಡರೋ ಅಷ್ಟನ್ನೇ ಸೀಲ್ ಹಾಕಿ ಮಾರಿದರೆ ಸಾಕು, ನಡುವೆ ಬೇರೆ ಎಲೆ ಜತೆ ಬೆರೆತರೂ ನಡೆಯುತ್ತದೆ. ನಿಮ್ಮ ದುಡ್ಡು ಸರಿಯಾದ ಕಡೆಗೇ ಹೋಗಿರುತ್ತದೆ, ನಿಮ್ಮ ಕಪ್ಪಿನಲ್ಲಿರುವ ಎಲೆ ಮಾತ್ರ ಬೇರೆ ತೋಟದ್ದಿರಬಹುದು. ಇದನ್ನು ಗಿರಾಕಿಗೆ ಹೇಳಿದರೆ ಗಾಬರಿಯಾಗುತ್ತಾರೆ. ಹೇಳದೇ ಇರುವುದಕ್ಕೆ ನನಗೆ ಮನಸ್ಸು ಬರಲ್ಲ.

ಹಾಗಾದರೆ ನಾನು ಏನು ನೋಡುತ್ತೇನೆ? ಒಂದೇ ಒಂದು. ಇದೇ ಬೆಳೆಗಾರರಿಂದ ಮುಂದಿನ ವರ್ಷವೂ ಕೊಳ್ಳಲು ನನ್ನಿಂದ ಆಗುತ್ತದಾ? ಕಾಫಿ ಕೊಯ್ಲು ಬಹಳ ಕಡೆ ವರ್ಷಕ್ಕೊಮ್ಮೆ. ಕಳೆ ತೆಗೆಯುವುದು, ಗೊಬ್ಬರ, ಕೊಯ್ಯುವ ಆಳುಗಳ ಕೂಲಿ, ಎಲ್ಲಾ ಖರ್ಚು ಮೊದಲು. ದುಡ್ಡು ಆಮೇಲೆ. ಅದಕ್ಕೇ ಫೇರ್‌ಟ್ರೇಡ್ ನಿಯಮದಲ್ಲಿ ಸಂಘ ಕೇಳಿದರೆ ಒಪ್ಪಂದದ ಮೊತ್ತದಲ್ಲಿ ಶೇ. 60ರವರೆಗೆ ಮುಂಗಡ ಸಿಗುವ ವ್ಯವಸ್ಥೆ ಇದೆ. ನನಗೆ ಕೇಳಿದರೆ ಇಡೀ ನಿಯಮಾವಳಿಯಲ್ಲಿ ಇದೇ ಬಹಳ ಮುಖ್ಯ, ಪ್ಯಾಕೆಟ್ ಮೇಲೆ ಯಾರೂ ಬರೆಯದ್ದೂ ಇದೇ. ಒಂದು ವರ್ಷ ದೊಡ್ಡ ಬೆಲೆ ಕೊಟ್ಟು, ಕೊಂಡಾಡಿ, ಮರುವರ್ಷ "ಈಗ ಬೇರೆ ದೇಶದ ರುಚಿ ಟ್ರೈ ಮಾಡ್ತಿದ್ದೀವಿ" ಅಂದುಬಿಟ್ಟರೆ ಏನಾಗುತ್ತದೆ? ಆ ಬೆಲೆ ನಂಬಿ ಒಣಗಿಸುವ ಮಂಚ ಕಟ್ಟಿಸಿದವರು, ಹಣ್ಣಾದ್ದನ್ನು ಮಾತ್ರ ಕೊಯ್ಯಲು ಜಾಸ್ತಿ ಕೂಲಿ ಕೊಟ್ಟವರು ಸಾಲದಲ್ಲಿ ಕೂರುತ್ತಾರೆ.

ಸಣ್ಣ ಅಂಗಡಿಗೆ ಇದರ ಅರ್ಥ ಏನು ಅಂದರೆ, ಬಗೆಗಳು ಕಮ್ಮಿ ಇರಬೇಕು. ಐವತ್ತು ಬಗೆ ಟೀ ಇಟ್ಟವನು ಪ್ರತಿಯೊಂದನ್ನೂ ಒಂದೊಂದು ಡಬ್ಬ ಕೊಳ್ಳುತ್ತಾನೆ. ಆ ಅಳತೆಯಲ್ಲಿ ಅವನ ಮಾತಿಗೆ ಯಾವ ತೋಟದಲ್ಲೂ ಬೆಲೆ ಇರಲ್ಲ. ಸಾಲದ್ದಕ್ಕೆ ಅರ್ಧ ಡಬ್ಬ ಹಳಸುತ್ತದೆ. ಹಸಿರು ಟೀಯಂತೂ ಗಾಳಿ ತಾಗಿದರೆ ಬೇಗ ಸೊರಗುತ್ತದೆ, ಡಬ್ಬ ತೆಗೆದಾಗ ಬರಬೇಕಾದ ಹಸಿ ಹುಲ್ಲಿನ ವಾಸನೆ ಹೋಗಿ ಹಳೇ ರಟ್ಟಿನ ವಾಸನೆ ಬರುತ್ತದೆ. ಹಳಸಿದ್ದನ್ನು ಎಸೆಯುವ ನಷ್ಟ ತುಂಬಿಸಲು ಅವನು ಎಲ್ಲಿ ಹಿಡಿಯುತ್ತಾನೆ? ಕೊಳ್ಳುವ ಬೆಲೆಯಲ್ಲೇ.

ಬೆಲೆ ಜಾಸ್ತಿ ಅನ್ನುವವರಿಗೆ ನಾನು ಭಾಷಣ ಮಾಡಲ್ಲ, ತಕ್ಕಡಿ ತೋರಿಸುತ್ತೇನೆ. ಹಸಿ ಬೀಜ ಹುರಿದಾಗ ತೂಕದಲ್ಲಿ ಶೇ. 15ರಿಂದ 20 ಹೋಗುತ್ತದೆ. ಕಾಲು ಕೆಜಿ ಹುರಿದ ಕಾಫಿಗೆ ಸುಮಾರು 300 ಗ್ರಾಂ ಹಸಿ ಬೀಜ ಬೇಕು. ಅಷ್ಟು ಬೀಜಕ್ಕೆ ಒಂದೂವರೆಯಿಂದ ಎರಡು ಕೆಜಿ ಹಣ್ಣು. ಒಂದೇ ಗೊಂಚಲಿನಲ್ಲಿ ಹಸಿರು ಕಾಯಿ, ಕೆಂಪು ಹಣ್ಣು ಒಟ್ಟಿಗೆ ಇರುವುದರಿಂದ ಹಣ್ಣನ್ನು ಮಾತ್ರ ಬೆರಳಲ್ಲಿ ಆರಿಸಿ ಕೊಯ್ಯಬೇಕು, ಅದೇ ಗಿಡಕ್ಕೆ ಮತ್ತೆ ಬರಬೇಕು. ಕೌಂಟರಿನಲ್ಲಿ ಒಂದು ಬೊಗಸೆ ಹಸಿ ಬೀಜ ಇಟ್ಟಿರುತ್ತೇನೆ, ಮುಟ್ಟಿ ನೋಡಲಿ ಅಂತ. ತಿಳಿಹಸಿರು, ಬಟಾಣಿ ಥರ ವಾಸನೆ. ಕಾಫಿ ಅಂತ ಗೊತ್ತೇ ಆಗಲ್ಲ. ಕೆಲವರು ಒಂದು ಬೀಜ ಬಾಯಿಗೆ ಹಾಕಿ ಕಚ್ಚಲು ನೋಡುತ್ತಾರೆ. ಹಲ್ಲು ಜೋಪಾನ ಅಂತ ಹೇಳುವುದೂ ನನ್ನ ಕೆಲಸವಾಗಿದೆ. ಇಷ್ಟಾದ ಮೇಲೂ ಸೂಪರ್ ಮಾರ್ಕೆಟ್ಟಿಗೇ ಹೋಗುತ್ತೇನೆ ಅನ್ನುವವರ ಮೇಲೆ ಕೋಪ ಇಲ್ಲ. ಎಲ್ಲರ ಜೇಬೂ ಒಂದೇ ಥರ ಇರಲ್ಲ.

ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಪ್ಯಾಕೆಟ್ ಮೇಲೆ ಸುಕ್ಕುಗಟ್ಟಿದ ಕೈ, ಬುಟ್ಟಿ ಹೊತ್ತ ಹೆಂಗಸಿನ ನಗು, ಕೆಳಗೆ "ನೀವು ಕುಡಿಯುವ ಪ್ರತಿ ಕಪ್ ಒಂದು ಬದುಕು ಬದಲಿಸುತ್ತದೆ". ಆ ಹೆಂಗಸಿನ ಹೆಸರು ಕೂಡ ಇರಲ್ಲ. ಫೋಟೋ ಹಾಕಲು ಅವಳನ್ನು ಕೇಳಿದರೋ ಇಲ್ಲವೋ. ಒಳ್ಳೆ ಕಾಫಿ ಬೆಳೆಯುವುದು ದೊಡ್ಡ ಕಸುಬು. ಕಸುಬುದಾರನಿಗೆ ಬೇಕಾದ್ದು ಸಕಾಲಕ್ಕೆ ಬರುವ ದುಡ್ಡು. ಅಯ್ಯೋ ಪಾಪ ಅಂತ ಮಾರಿದ ಕಾಫಿಯನ್ನು ಗಿರಾಕಿ ಒಂದು ಸಲ ಕೊಳ್ಳುತ್ತಾನೆ. ರುಚಿ ಹಿಡಿದರೆ ತಿಂಗಳು ತಿಂಗಳು ಬರುತ್ತಾನೆ, ನನಗೂ ಮುಂದಿನ ವರ್ಷದ ಆರ್ಡರ್ ಕೊಡಲು ಧೈರ್ಯ ಬರುತ್ತದೆ. ಹಾಗಾಗಿ ನಮ್ಮ ಪ್ಯಾಕೆಟ್ ಮೇಲೆ ಮುಖ ಇಲ್ಲ. ಸಂಘದ ಇಲ್ಲವೇ ತೋಟದ ಹೆಸರು, ಕೊಯ್ಲಿನ ವರ್ಷ, ಹುರಿದ ದಿನಾಂಕ, ಎಷ್ಟನೇ ವರ್ಷ ಅವರಿಂದ ಕೊಳ್ಳುತ್ತಿದ್ದೇವೆ ಅನ್ನುವುದು, ಅಷ್ಟಿದೆ.

ಅಂದಹಾಗೆ, ದೂರದ ಬೆಳೆಗಾರರ ಬಗ್ಗೆ ಕಣ್ಣೀರು ಹಾಕಿ, ಅಂಗಡಿಯಲ್ಲಿ ಪ್ಯಾಕ್ ಮಾಡುವ ಹುಡುಗಿಗೆ ಸಂಬಳ ತಡ ಮಾಡುವವರೂ ಈ ಧಂಧೆಯಲ್ಲಿ ಇದ್ದಾರೆ. ಅವರಿಗೆ ಯಾವ ಸೀಲ್ ಹಾಕಬೇಕೋ ನೀವೇ ಹೇಳಿ.

ಹೊಸ ಸಪ್ಲೈಯರ್‌ಗಳ ಫೋನ್ ಬರುತ್ತಲೇ ಇರುತ್ತದೆ. ಸ್ಯಾಂಪಲ್ ಕಳಿಸುತ್ತಾರೆ. ಕುಡಿಯುತ್ತೇನೆ, ಬಹಳ ಸಲ ಚೆನ್ನಾಗಿಯೇ ಇರುತ್ತದೆ, ಅದನ್ನು ಹೇಳುತ್ತೇನೆ ಕೂಡ. "ಹಾಗಾದರೆ ಐದು ಕೆಜಿ ಇಟ್ಟು ನೋಡಿ ಸಾರ್, ಹೋದರೆ ಹೋಯಿತು" ಅನ್ನುತ್ತಾರೆ. ಐದು ಕೆಜಿ ಇಟ್ಟು ನೋಡುವುದಿಲ್ಲ, ಇಟ್ಟರೆ ವರ್ಷಾ ವರ್ಷಾ ಇಡಬೇಕು, ಅದಕ್ಕೆ ಈಗಿರುವವರಲ್ಲಿ ಯಾರನ್ನು ಬಿಡಲಿ ಅಂತ ಕೇಳಿದರೆ ಆಮೇಲೆ ಮಾತಾಡ್ತೀನಿ ಅಂತ ಫೋನ್ ಇಡುತ್ತಾರೆ. ಅಪರೂಪಕ್ಕೆ ಒಬ್ಬರು, "ಸರಿ, ನಿಮ್ಮಲ್ಲಿ ಜಾಗ ಆದಾಗ ಹೇಳಿ, ಅಲ್ಲಿವರೆಗೆ ಪ್ರತಿ ಕೊಯ್ಲಿನ ಸ್ಯಾಂಪಲ್ ಕಳಿಸ್ತಿರ್ತೀನಿ" ಅನ್ನುತ್ತಾರೆ. ಅವರ ನಂಬರ್ ಮಾತ್ರ ಬರೆದಿಟ್ಟುಕೊಳ್ಳುತ್ತೇನೆ.