ಜುಟ್ಟಿಗೆ ಮಲ್ಲಿಗೆ, ಹೊಟ್ಟೆಗೆ ಪ್ಲಾಸ್ಟಿಕ್ಕು

ಪಿಕಪ್ ಗಾಡಿಯ ಜಾಹೀರಾತು ಯಾವುದಾದರೂ ಒಂದನ್ನು ನೆನಪಿಸಿಕೊಳ್ಳಿ. ಗಾಡಿ ಬಂಡೆ ಹತ್ತುತ್ತದೆ, ಹಳ್ಳ ದಾಟುತ್ತದೆ, ಕೆಸರನ್ನು ಆಕಾಶಕ್ಕೆ ಚಿಮ್ಮಿಸುತ್ತದೆ, ಹಿಂದಿನಿಂದ ಗಂಟಲು ಕೆಟ್ಟ ಗಂಡಸೊಬ್ಬ ನಿಮ್ಮನ್ನು ತಡೆಯುವವರು ಯಾರೂ ಇಲ್ಲ ಅಂತ ಗುಡುಗುತ್ತಾನೆ. ಅಷ್ಟರಲ್ಲಿ ಪರದೆಯ ತಳದಲ್ಲಿ ಇರುವೆ ಸಾಲಿನ ಹಾಗೆ ನಾಲ್ಕು ಮಾತು ಓಡಿಹೋಗುತ್ತವೆ. ಓಡಿಸಿದವರು ನುರಿತ ಚಾಲಕರು, ಈ ದಾರಿ ಸಾರ್ವಜನಿಕರಿಗೆ ಮುಚ್ಚಿದೆ, ದಯವಿಟ್ಟು ನೀವು ಇದನ್ನೆಲ್ಲ ಮಾಡಲು ಹೋಗಬೇಡಿ. ಅಂದರೆ ತಡೆಯುವವರು ಇದ್ದಾರೆ. ಅವರೇ ತಡೆಯುತ್ತಿದ್ದಾರೆ.

ಇನ್ನೊಂದು ಗಮನಿಸಿ. ಕ್ಯಾಮೆರಾ ಗಾಡಿಯ ಮೂತಿ ತೋರಿಸುತ್ತದೆ, ಹಿಂದಿನ ತೊಟ್ಟಿ ತೋರಿಸುತ್ತದೆ, ಮೇಲಿನಿಂದ ಹದ್ದಿನ ಹಾಗೆ ಹಾರಿ ಚಾವಣಿಯನ್ನೂ ತೋರಿಸುತ್ತದೆ. ಒಂದು ಕಡೆ ಮಾತ್ರ ಹೋಗುವುದಿಲ್ಲ. ಗಾಡಿಯ ಕೆಳಗೆ. ಬಂಡೆ ಮುಟ್ಟುವುದು ಅಲ್ಲೇ ಅಲ್ವಾ? ಇರಲಿ, ಮುಟ್ಟಬೇಡಿ ಅಂತ ಮೊದಲೇ ಬರೆದಿದ್ದಾರಲ್ಲ.

ನನ್ನದು ಸಣ್ಣ ಪಿಕಪ್. ದಿನಾ ಓಡುವುದು ಮಣ್ಣು ರಸ್ತೆಯಲ್ಲಿ. ರಸ್ತೆ ಅನ್ನುವುದು ಗೌರವಕ್ಕೆ ಹೇಳುವ ಮಾತು, ಎರಡು ಗಾಲಿ ಜಾಡು, ನಡುವೆ ಒಂದು ದಿಬ್ಬ, ಆ ದಿಬ್ಬದ ಮೇಲೆ ಹುಲ್ಲು, ಹುಲ್ಲಿನೊಳಗೆ ಕಲ್ಲು. ಗಾಡಿ ತೆಗೆದುಕೊಂಡ ಹೊಸದರಲ್ಲಿ ಒಂದು ದಿನ ಕೆಳಗಿನಿಂದ ಡಬ್ ಅಂತ ಸದ್ದು ಬಂತು. ಎದೆಯೊಳಗೂ ಅದೇ ಸದ್ದು. ಇಳಿದು, ನೆಲಕ್ಕೆ ಬೆನ್ನು ಹಾಕಿ ಮಲಗಿ, ನನ್ನ ಗಾಡಿಯ ಹೊಟ್ಟೆಯನ್ನು ಮೊದಲ ಸಲ ನೋಡಿದೆ.

ಮಲಗಿಯೇ ಬಹಳ ಹೊತ್ತು ಇದ್ದೆ. ಎದ್ದರೆ ನಂಬಿಕೆ ಹೋಗುತ್ತದೆ ಅನ್ನಿಸಿತು.

ಮುಂದೆ ಎಂಜಿನ್ ಆಯಿಲ್ ತುಂಬಿದ ಚೇಂಬರ್. ಅದರ ಹಿಂದೆ ಗೇರ್‌ಬಾಕ್ಸ್. ಪಕ್ಕದಲ್ಲಿ ಬ್ರೇಕಿನ ಪೈಪು, ಸಣ್ಣ ಬೆರಳಿಗಿಂತ ತೆಳ್ಳಗೆ. ಇಂಧನದ ಪೈಪು, ಹ್ಯಾಂಡ್‌ಬ್ರೇಕ್ ಕೇಬಲ್, ಗಾಲಿಯ ವೇಗ ಅಳೆಯುವ ಸೆನ್ಸರಿನ ವೈರು, ಸೈಲೆನ್ಸರ್, ಇಂಧನದ ಟ್ಯಾಂಕು, ಕೊನೆಗೆ ಸರಪಳಿಯಲ್ಲಿ ನೇತಾಡುವ ಸ್ಟೆಪ್ನಿ. ಗಾಡಿ ನಡೆಯಲು, ನಿಲ್ಲಲು ಬೇಕಾದ ಅರ್ಧ ಸಾಮಾನು ಅಲ್ಲೇ ಇದೆ. ಇದಕ್ಕೆಲ್ಲ ಕಾವಲು? ಒಂದು ಕಪ್ಪು ಪ್ಲಾಸ್ಟಿಕ್ ಹಾಳೆ. ನಾಲ್ಕಾರು ಪ್ಲಾಸ್ಟಿಕ್ ಗುಂಡಿಗಳಿಂದ ಸಿಕ್ಕಿಸಿದ್ದಾರೆ, ಅದರಲ್ಲಿ ಎರಡು ಆಗಲೇ ಉದುರಿ ಹೋಗಿದ್ದವು.

ಆ ಹಾಳೆಯ ತಪ್ಪೇನೂ ಇಲ್ಲ ಬಿಡಿ. ಅದನ್ನು ಹಾಕಿರುವುದು ನೀರು ಎರಚದಿರಲಿ ಅಂತ, ಗಾಳಿ ಸಲೀಸಾಗಿ ಹರಿಯಲಿ ಅಂತ, ಸದ್ದು ಕಮ್ಮಿಯಾಗಲಿ ಅಂತ. ಕಲ್ಲು ತಡೆಯುತ್ತೇನೆ ಅಂತ ಪಾಪ ಅದು ಯಾವತ್ತೂ ಹೇಳಿಲ್ಲ. ಹೇಳಿದ್ದು ಮಾರುವವರು. 'ಕೆಳಗೆ ಗಾರ್ಡ್ ಇದೆ ಸರ್' ಅಂದಿದ್ದರು. ನಾನೂ ಬಗ್ಗಿ ನೋಡದೆ ತಲೆಯಾಡಿಸಿದ್ದೆ, ಹೊಸ ಶರ್ಟು ಹಾಕಿದ್ದೆ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುವ ಗಾದೆ ಕಟ್ಟಿದವರು ಪಿಕಪ್ ನೋಡಿರಲಿಲ್ಲ, ಆದರೆ ಅದಕ್ಕಿಂತ ಚೆನ್ನಾಗಿ ಇದನ್ನು ಹೇಳಲು ಸಾಧ್ಯವೂ ಇಲ್ಲ. ಗಾಡಿಯ ಪಕ್ಕಕ್ಕೆ ಬೆಟ್ಟದ ಚಿತ್ರದ ಸ್ಟಿಕ್ಕರ್ ಇದೆ. ಗಾಲಿಯ ಮೇಲೆ ಕಪ್ಪು ಹುಬ್ಬು. ಮುಂದಿನ ಬಂಪರಿನ ಕೆಳತುದಿಗೆ ಬೆಳ್ಳಿ ಬಣ್ಣ ಬಳಿದಿದ್ದಾರೆ, ದೂರದಿಂದ ನೋಡಿದರೆ ಲೋಹದ ತಟ್ಟೆ. ಬೆರಳಿನಿಂದ ತಟ್ಟಿ ನೋಡಿ, ಟಪ್ ಟಪ್ ಅನ್ನುತ್ತದೆ, ಡಬ್ಬಿಯ ಮುಚ್ಚಳದ ಹಾಗೆ. ಹೊಟ್ಟೆಗೆ ಕಲ್ಲು ಬಡಿಯದಂತೆ ಕಾಯುವ ಲೋಹದ ತಟ್ಟೆಗೆ ಸ್ಕಿಡ್ ಪ್ಲೇಟ್ ಅನ್ನುತ್ತಾರೆ. ಗಾಡಿಯ ಸೌಲಭ್ಯಗಳ ಪಟ್ಟಿಯಲ್ಲಿ ಇದರ ಹೆಸರು 'ಸ್ಕಿಡ್ ಪ್ಲೇಟ್ ವಿನ್ಯಾಸ'. ಆ ಕೊನೆಯ ಪದಕ್ಕೆ ನಾನು ಕೈ ಮುಗಿಯುತ್ತೇನೆ. ಇದೇ ಲೆಕ್ಕದಲ್ಲಿ ಗೋಡೆ ಮೇಲೆ ಬಾಗಿಲಿನ ಚಿತ್ರ ಬರೆದು ಬಾಗಿಲು ವಿನ್ಯಾಸ ಅನ್ನಬಹುದು, ಹೊರಗೆ ಹೋಗುವವರು ಹಣೆ ಜೋಪಾನ ಮಾಡಿಕೊಂಡರೆ ಆಯಿತು. ಎಲ್ಲ ಗಾಡಿಗಳೂ ಹೀಗಲ್ಲ, ಕೆಲವು ಮೇಲಿನ ಮಾದರಿಗಳಲ್ಲಿ ನಿಜವಾದ ಉಕ್ಕಿನ ತಟ್ಟೆ ಬರುತ್ತದೆ. ಆದರೆ ಮೇಲಿನ ಮಾದರಿ ಕೊಂಡವರು ಅದನ್ನು ಮಣ್ಣಿಗೆ ಇಳಿಸುವುದು ಎಷ್ಟು ಸಲ? ಬಣ್ಣ ಹಾಳಾಗುತ್ತದಲ್ಲ.

ಆಮೇಲೆ ಬರುತ್ತದೆ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವಿನ ಎತ್ತರ, ಅನ್ನುವ ಮಹಾ ಅಂಕಿ. ನಮ್ಮ ಜನ ಈ ಅಂಕಿಯನ್ನು ಮಕ್ಕಳ ಮಾರ್ಕ್ಸ್ ಥರ ಹೇಳುತ್ತಾರೆ. ನಿಮ್ಮದು 200, ನಮ್ಮದು 220. ಈ 220 ಮಿಲಿಮೀಟರನ್ನು ಎಷ್ಟೋ ಸಲ ಖಾಲಿ ಗಾಡಿ ನಿಲ್ಲಿಸಿ ಅಳೆದಿರುತ್ತಾರೆ. ಪಿಕಪ್ ಇರುವುದೇ ಸಾಮಾನು ಹೊರಲಿಕ್ಕೆ. ತೊಟ್ಟಿ ತುಂಬಿದರೆ ಸ್ಪ್ರಿಂಗಿನ ಪಟ್ಟಾ ಬಗ್ಗುತ್ತದೆ, ಹಿಂಭಾಗ ಕೂರುತ್ತದೆ, ಅಂಕಿಯೂ ಜೊತೆಗೆ ಕೂರುತ್ತದೆ. ಅಂದರೆ ಗಾಡಿ ತನ್ನ ಕೆಲಸ ಮಾಡದಿದ್ದಾಗ ಮಾತ್ರ ಆ ಅಂಕಿ ನಿಜ.

ಎತ್ತರ ಕಮ್ಮಿಯಾದರೆ ಏನಂತೆ, ಎತ್ತರಿಸಿದರಾಯಿತು ಅಂತ ಲಿಫ್ಟ್ ಕಿಟ್ ಹಾಕಿಸುವವರಿದ್ದಾರೆ. ನನ್ನ ಗೆಳೆಯನೊಬ್ಬ 50 ಮಿಲಿಮೀಟರ್ ಎತ್ತರಿಸಿಕೊಂಡ. ಏಣಿ ಇಟ್ಟುಕೊಂಡು ಹತ್ತುವ ಹಾಗಾಯಿತು, ನೋಡಲು ಭಾರಿ ಗತ್ತು. ಮೊದಲ ಕಲ್ಲಿಗೇ ಕಟ್ ಅಂತ ಹೊಡೆದ. ಹಿಂದೆ ಇಡೀ ಆಕ್ಸಲ್ ಒಂದೇ ದಂಡವಾಗಿರುವ ಗಾಡಿಯಲ್ಲಿ ಅದರ ನಡುವೆ ಡಿಫರೆನ್ಷಿಯಲ್ಲಿನ, ಅಂದರೆ ಎಂಜಿನ್ನಿನ ಶಕ್ತಿಯನ್ನು ಎರಡೂ ಗಾಲಿಗೆ ಹಂಚುವ ಗೇರುಗಳ, ಉಂಡೆ ಇರುತ್ತದೆ, ಕುಂಬಳಕಾಯಿ ಗಾತ್ರದ್ದು. ಅದು ಗಾಲಿಗೆ ಅಂಟಿಕೊಂಡಿದೆ, ಸ್ಪ್ರಿಂಗಿನ ಮೇಲೆ ಕೂತಿಲ್ಲ. ಸ್ಪ್ರಿಂಗ್ ಎತ್ತರಿಸಿದರೆ ಮೇಲಕ್ಕೆ ಹೋಗುವುದು ಬಾಡಿ, ಚಾಸಿ, ಸೀಟು, ಗೆಳೆಯ. ಉಂಡೆ ಮೊದಲಿದ್ದಲ್ಲೇ ಇರುತ್ತದೆ. ಅದು ಎದ್ದೇಳಬೇಕಾದರೆ ದೊಡ್ಡ ಟೈರೇ ಬೇಕು. ಅಲ್ಲೂ ಅರ್ಧ ಲೆಕ್ಕ, ಟೈರಿನ ಅಡ್ಡಳತೆ 50 ಮಿಲಿಮೀಟರ್ ಹೆಚ್ಚಿದರೆ ಉಂಡೆ ಏಳುವುದು 25. ಇದನ್ನು ಅವನಿಗೆ ವಿವರಿಸಿದೆ. 'ಇರ್ಲಿ ಬಿಡೋ, ಮೇಲಿಂದ ರಸ್ತೆ ಚೆನ್ನಾಗಿ ಕಾಣುತ್ತೆ' ಅಂದ. ಹೊಡೆಯುವ ಕಲ್ಲು ಮೊದಲೇ ಕಾಣುತ್ತದೆ, ಸರಿ, ಅದೂ ಒಂದು ಲಾಭ.

ಎತ್ತರದ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವವರು ಉದ್ದವನ್ನು ಮರೆತೇಬಿಡುತ್ತಾರೆ. ಪಿಕಪ್ ಅಂದ ಮೇಲೆ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ದೂರ ಜಾಸ್ತಿ. ಸಣ್ಣ ಪಿಕಪ್‌ನಲ್ಲೂ 3 ಮೀಟರ್ ಆಸುಪಾಸು ಅಂತ ಹಿಡಿಯಿರಿ. ನಡುವಿನ ಹೊಟ್ಟೆ ನೆಲದಿಂದ 200 ಮಿಲಿಮೀಟರ್ ಎತ್ತರದಲ್ಲಿದ್ದರೆ, ಸುಮ್ನೆ ಕಾಗದದ ಮೇಲೆ ಗೆರೆ ಎಳೆದು ನೋಡಿ, ಗಾಡಿ ಮುಟ್ಟದೆ ದಾಟುವ ದಿಬ್ಬದ ಏರು, ಇಳಿವು ಎರಡೂ ಸೇರಿ ಕೋನ ಸುಮಾರು 15 ಡಿಗ್ರಿ. ಟೈರಿನ ದಪ್ಪದಿಂದ ಚೂರುಪಾರು ಹೆಚ್ಚು ಸಿಗಬಹುದು, ಅಷ್ಟೇ. ಅದಕ್ಕಿಂತ ಚೂಪಾದ ದಿಬ್ಬದ ಮೇಲೆ ಗಾಡಿ ತಕ್ಕಡಿ ಥರ ಕೂರುತ್ತದೆ. ಮುಂದಿನ ಗಾಲಿ ಆ ಕಡೆ, ಹಿಂದಿನ ಗಾಲಿ ಈ ಕಡೆ, ಭಾರವೆಲ್ಲ ಹೊಟ್ಟೆಯ ಮೇಲೆ. ಜಾಹೀರಾತಿನ ಬಂಡೆ 15 ಡಿಗ್ರಿಯದ್ದಾ ಅಂತ ಕೇಳಬೇಡಿ. ಅಲ್ಲಿ ನುರಿತ ಚಾಲಕರು ಇದ್ದರು.

ಸರಿ, ಲೋಹದ ತಟ್ಟೆ ಹಾಕಿಸೋಣ ಅಂತ ಹೊರಟೆ. ಆಗ ಗೊತ್ತಾಯಿತು, ಇದು ಬೇರೆಯೇ ಒಂದು ಲೋಕ ಅಂತ. ಇಲ್ಲಿ ಎರಡು ಪಂಗಡ. ಉಕ್ಕಿನವರು ಮತ್ತು ಅಲ್ಯೂಮಿನಿಯಂನವರು. ಉಕ್ಕು ಗಟ್ಟಿ, ಕಲ್ಲಿನ ಮೇಲೆ ಜಾರುತ್ತದೆ, ಬಗ್ಗಿದರೆ ಬಡಿದು ನೆಟ್ಟಗೆ ಮಾಡಬಹುದು, ಆದರೆ ತುಕ್ಕು ಮತ್ತು ತೂಕ. ಅಲ್ಯೂಮಿನಿಯಂ ಹಗುರ, ತುಕ್ಕಿನ ಕಾಟವಿಲ್ಲ, ಆದರೆ ಮೆತ್ತಗಿರುವುದರಿಂದ ಕಲ್ಲು ಅದನ್ನು ಉಳುತ್ತದೆ, ಜಾರುವ ಬದಲು ಕಚ್ಚಿಕೊಳ್ಳುತ್ತದೆ. ತೂಕದ ಲೆಕ್ಕ ಸುಲಭ. 4 ಮಿಲಿಮೀಟರ್ ಉಕ್ಕಿನ ತಗಡು 1 ಚದರ ಮೀಟರಿಗೆ 31 ಕಿಲೋ ದಾಟುತ್ತದೆ. 6 ಮಿಲಿಮೀಟರ್ ಅಲ್ಯೂಮಿನಿಯಂ ಆದರೂ 16 ಕಿಲೋ. ಇದು ಗೊತ್ತಿದ್ದೂ ದಪ್ಪದಲ್ಲಿ ಪೈಪೋಟಿ ನಡೆಯುತ್ತದೆ. ನಾನು 4 ಹಾಕಿಸಿದೆ ಅಂದರೆ ಇನ್ನೊಬ್ಬ 6 ಅನ್ನುತ್ತಾನೆ, ಮತ್ತೊಬ್ಬ ಚೇಂಬರಿಗೆ, ಗೇರ್‌ಬಾಕ್ಸಿಗೆ, ಟ್ಯಾಂಕಿಗೆ, ಡಿಫರೆನ್ಷಿಯಲ್ಲಿಗೆ ಬೇರೆ ಬೇರೆ ತಟ್ಟೆ ಹಾಕಿಸಿ, ಮೇಲೆ ಪಕ್ಕಕ್ಕೆ ಉಕ್ಕಿನ ದಂಡ ಹಾಕಿಸಿ, ಅಷ್ಟು ತೂಕಕ್ಕೆ ಸ್ಪ್ರಿಂಗ್ ಕೂತು, ಉಳಿದಿದ್ದ ಗ್ರೌಂಡ್ ಕ್ಲಿಯರೆನ್ಸ್ ಹೋಗಿ, ಈಗ ಮೊದಲು ತಾಗದಿದ್ದ ಕಲ್ಲೂ ತಾಗುತ್ತಿದೆ ಅಂತ ಹೆಮ್ಮೆಯಿಂದ ಹೇಳುತ್ತಾನೆ. ತಾಗಿದರೇನು, ತಟ್ಟೆ ಇದೆಯಲ್ಲ ಅಂತಾನೆ. ಆ ತರ್ಕಕ್ಕೆ ನನ್ನಲ್ಲಿ ಉತ್ತರವಿಲ್ಲ.

ಅವನ ಗಾಡಿ ವರ್ಷಪೂರ್ತಿ ನಿಲ್ಲುವುದು ನೆಲಮಾಳಿಗೆಯ ಪಾರ್ಕಿಂಗಿನಲ್ಲಿ. ಅಲ್ಲಿನ ವೇಗತಡೆಯ ಉಬ್ಬು ಮಾತ್ರ ಈವರೆಗೆ ಸಿಕ್ಕಿರುವ ಬಂಡೆ.

ಇನ್ನು ಮಣ್ಣು ರಸ್ತೆಯಲ್ಲಿ ದಿನಾ ಹೊರೆ ಹೊತ್ತು ಓಡುವ ಹಳೇ ಪಿಕಪ್‌ಗಳನ್ನು ನೋಡಿ. ಕೆಳಗೆ ತಟ್ಟೆಯಿಲ್ಲ, ಹಾಳೆಯೂ ಇಲ್ಲ, ಅದು ಬಿದ್ದುಹೋಗಿ ವರ್ಷಗಳಾಗಿವೆ. ಅಂಥ ಗಾಡಿ ಓಡಿಸುವ ಹಿರಿಯರೊಬ್ಬರ ಪಕ್ಕ ಒಂದು ದಿನ ಕೂತಿದ್ದೆ. ಎದುರಿಗೆ ಕಲ್ಲು ಬಂತು. ನಾನಾಗಿದ್ದರೆ ಎರಡು ಗಾಲಿಗಳ ನಡುವೆ ಬಿಟ್ಟುಕೊಂಡು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಅವರು ಗಾಲಿಯನ್ನೇ ಕಲ್ಲಿನ ಮೇಲೆ ಹತ್ತಿಸಿದರು. ಗಾಡಿ ಓರೆಯಾಯಿತು, ಹೊಟ್ಟೆ ಎತ್ತರಕ್ಕೆ ಹೋಯಿತು, ಕಲ್ಲು ಟೈರಿನ ಕೆಳಗೆ ಉಳಿಯಿತು. ಕೊರಕಲು ಬಂದಾಗ ಅದರೊಳಗೆ ಇಳಿಯಲಿಲ್ಲ, ಒಂದು ಗಾಲಿ ಅಂಚಿನ ಮೇಲೆ, ಇನ್ನೊಂದು ನಡುವಿನ ದಿಬ್ಬದ ಮೇಲೆ. ಗುಂಡಿಗೆ ಮುಂಚೆಯೇ ಬ್ರೇಕ್ ಒತ್ತಿ, ಗುಂಡಿ ಬರುವಷ್ಟರಲ್ಲಿ ಬಿಟ್ಟರು. ಯಾಕೆ ಅಂದೆ. 'ಬ್ರೇಕ್ ಹಿಡ್ಕೊಂಡೇ ಇಳಿದ್ರೆ ಮೂತಿ ಬಗ್ಗುತ್ತಪ್ಪ, ಬಗ್ಗಿದ ಮೂತೀಗೇ ಕಲ್ಲು ಹೊಡೆಯೋದು' ಅಂದರು. ಟೈರಿನ ಗಾಳಿ ಸ್ವಲ್ಪ ಇಳಿಸಿದ್ದರು, ಡಾಂಬರು ಸಿಕ್ಕ ಕೂಡಲೇ ಇಳಿದು ಮತ್ತೆ ತುಂಬಿದರು. ಕಾಯುವಂಥದ್ದು ಅವರಿಗೆ ಗಾಡಿಯ ಕೆಳಗೆ ಏನೂ ಇರಲಿಲ್ಲ, ಇದ್ದದ್ದು ಪೆಡಲ್ ಮೇಲಿನ ಪಾದದಲ್ಲಿ. ಅದನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲವಾದ್ದರಿಂದ ಅದಕ್ಕೆ ಜಾಹೀರಾತಿಲ್ಲ.

ಇದಕ್ಕೆ ತದ್ವಿರುದ್ಧ ಉಪದೇಶ ಕೊಡುವ ಜಾಣರೂ ಇದ್ದಾರೆ. ಜೋರಾಗಿ ಹೋಗು, ಗುಂಡಿ ಗೊತ್ತೇ ಆಗಲ್ಲ ಅನ್ನುತ್ತಾರೆ. ಅಲೆ ಅಲೆಯಾಗಿ ಗೆರೆ ಬಿದ್ದ ರಸ್ತೆಯಲ್ಲಿ ಹಾಗೆ ಅನ್ನಿಸುವುದು ನಿಜ, ಗಾಲಿ ಒಂದು ಗೆರೆಯ ತಲೆಯಿಂದ ಮುಂದಿನ ಗೆರೆಯ ತಲೆಗೆ ಹಾರುತ್ತದೆ. ಆದರೆ ಹಾರುವ ಗಾಲಿಗೆ ಹಿಡಿತ ಇರುವುದಿಲ್ಲ, ತಿರುವು ಬಂದರೆ ಗಾಡಿ ನೇರವಾಗಿ ಹೋಗಲು ನೋಡುತ್ತದೆ. ಕಲ್ಲಿನ ಲೆಕ್ಕ ಇನ್ನೂ ಕೆಟ್ಟದ್ದು. 20 ಕಿಲೋಮೀಟರ್ ವೇಗ 40 ಆದರೆ ಹೊಡೆತದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಗುಂಡಿ ಗೊತ್ತಾಗಲ್ಲ ಅನ್ನುವುದು ಸರಿ. ಗೊತ್ತಾಗುವುದು ಆಯಿಲ್ ದೀಪ ಹತ್ತಿದಾಗ, ಆಗಲೂ 'ಇನ್ನು ಸ್ವಲ್ಪ ದೂರ ತಾನೆ' ಅಂತ ಓಡಿಸಿದರೆ ಚೇಂಬರಿನ ಜೊತೆ ಎಂಜಿನ್ನೂ ಗೊತ್ತಾಗುತ್ತದೆ.

ವಾರಂಟಿಯ ಕತೆ ಬೇಗ ಮುಗಿಸುತ್ತೇನೆ, ರಕ್ತದೊತ್ತಡ ಏರುತ್ತದೆ. ಗಾಡಿಯ ಜೊತೆ ಬಂದ ಪುಸ್ತಕ ತೆರೆದೆ. ಮುಖಪುಟದಲ್ಲಿ ಗಾಡಿ ಮಣ್ಣಿನಲ್ಲಿದೆ, ಧೂಳು ಏಳುತ್ತಿದೆ. ಒಳಗೆ ಬರೆದಿದ್ದಾರೆ, ಧೂಳು ಮತ್ತು ಕಚ್ಚಾ ರಸ್ತೆ ಅಂದರೆ 'ಕಠಿಣ ಬಳಕೆ', ಆಯಿಲ್, ಫಿಲ್ಟರ್ ಬೇಗ ಬೇಗ ಬದಲಾಯಿಸಬೇಕು. ಕೆಳಗೆ ಕಲ್ಲು ಹೊಡೆದರೆ ವಾರಂಟಿ ಇಲ್ಲ. ಹೊರಗಿನ ತಟ್ಟೆ ಹಾಕಿಸಿ, ಅದರಿಂದ ಏನಾದರೂ ಹಾಳಾದರೆ ಅದಕ್ಕೂ ಇಲ್ಲ. ತಟ್ಟೆ ಹಾಕದಿದ್ದರೆ ಹಾಕಬೇಕಿತ್ತು, ಹಾಕಿದ್ದರೆ ಹಾಕಬಾರದಿತ್ತು. ಇದನ್ನು ಓದಿಹೇಳಿದ ಹುಡುಗನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅವನ ಹಿಂದೆ ಗೋಡೆಯ ಮೇಲೆ ಬಂಡೆ ಹತ್ತುವ ಪಿಕಪ್ಪಿನ ಪೋಸ್ಟರ್.

ಆದರೂ ನಾನು ಹಾಕಿಸಿದೆ. ಉಕ್ಕಿನದು, 4 ಮಿಲಿಮೀಟರ್, ಮುಂದಿನ ಬಂಪರಿನಿಂದ ಗೇರ್‌ಬಾಕ್ಸಿನವರೆಗೆ ಒಂದೇ ಹಾಸು. ಹಾಕಿದವನು ಆಯಿಲ್ ಇಳಿಸಲು ತೂತು ಬೇಕಾ ಅಂತ ಕೇಳಿದ್ದ. ತೂತು ಯಾಕಪ್ಪ, ಅಲ್ಲೇ ಕಲ್ಲು ತಾಗಿದರೆ ಅಂತ ಬೇಡ ಅಂದೆ. ಬಹಳ ಯೋಚಿಸಿ ಹೇಳಿದ ಮಾತು ಅದು. ಬೋಲ್ಟಿನ ತಲೆ ತಟ್ಟೆಯೊಳಗೆ ಹುದುಗಿರಬೇಕು, ಹೊರಗೆ ಉಬ್ಬಿರಬಾರದು ಅನ್ನುವುದನ್ನು ಮಾತ್ರ ನಾನೂ ಯೋಚಿಸಲಿಲ್ಲ, ಅವನೂ ಹೇಳಲಿಲ್ಲ.

ತಟ್ಟೆ ಚೆನ್ನಾಗಿ ಕೆಲಸ ಮಾಡಿತು, ಸುಳ್ಳು ಹೇಳುವುದಿಲ್ಲ. ಎಷ್ಟೋ ಕಲ್ಲು ಕರ್ ಅಂತ ಉಜ್ಜಿಕೊಂಡು ಹೋದವು, ಚೇಂಬರಿಗೆ ಒಂದು ಗೀರೂ ಇಲ್ಲ. ತಟ್ಟೆಯ ಮೇಲೆ ಮಾತ್ರ ಮಣ್ಣು ತುಂಬಿ, ಒದ್ದೆಯಾಗಿ, ಗಟ್ಟಿಯಾಗಿ ಸಣ್ಣ ಹೊಲವೇ ಆಗಿತ್ತು. ಒಣಹುಲ್ಲೂ ಸಿಕ್ಕಿಕೊಂಡಿತ್ತು, ಬಿಸಿ ಸೈಲೆನ್ಸರಿಗೆ ತಾಗಿ ವಾಸನೆ ಬಂದಾಗ ಎರಡು ಸಲ ಇಳಿದು ಕೈ ಹಾಕಿ ಕಿತ್ತೆ. ಬೆಂಕಿ ಹತ್ತಲಿಕ್ಕೆ ಅಷ್ಟು ಸಾಕು.

ಆಮೇಲೆ ಆಯಿಲ್ ಬದಲಾಯಿಸುವ ದಿನ ಬಂತು. ಕಠಿಣ ಬಳಕೆ, ಬೇಗ ಬಂತು. ಗಾಡಿಯನ್ನು ಮೇಲೆತ್ತಿದರು. ಮೆಕ್ಯಾನಿಕ್ ತಟ್ಟೆ ಬಿಚ್ಚಲು ಸ್ಪ್ಯಾನರ್ ಹಿಡಿದು ಒಂದು ಸುತ್ತು ಹಾಕಿದ, ಇನ್ನೊಂದು ಸುತ್ತು ಹಾಕಿದ, ಟಾರ್ಚ್ ತಂದ. ಎಂಟು ಬೋಲ್ಟಿನ ತಲೆಗಳನ್ನೂ ಕಲ್ಲು ಅರೆದು ಗುಂಡಗೆ ಮಾಡಿತ್ತು. ಸ್ಪ್ಯಾನರ್ ಕೂರಲು ಮೂಲೆಯೇ ಇಲ್ಲ. ಬೆರಳಿನಿಂದ ಸವರಿ ನೋಡಿದೆ, ನದಿಯ ಕಲ್ಲಿನಷ್ಟು ನುಣುಪು.

'ಆಯಿಲ್ ಇಳಿಸೋಕೆ ತೂತು?' ಅಂದ.

'ಇಲ್ಲ' ಅಂದೆ.

ಇಬ್ಬರೂ ಸ್ವಲ್ಪ ಹೊತ್ತು ಮೇಲೆ ನೋಡುತ್ತಾ ನಿಂತೆವು. ಚೇಂಬರ್ ಈಗ ಕಲ್ಲಿಗೂ ಸಿಗುವುದಿಲ್ಲ, ನಮಗೂ ಸಿಗುವುದಿಲ್ಲ.

'ಗ್ರೈಂಡರ್ ತರ್ತೀನಿ ಸರ್' ಅಂದ ಅವನು, 'ಕಿಡಿ ಹಾರುತ್ತೆ, ಮೊದಲು ಆ ಹುಲ್ಲು ಕಿತ್ತುಬಿಡಿ.'