ಸೈಲೆನ್ಸರ್ ಆಯ್ಕೆಯಲ್ಲಿ ಗಮನಿಸಬೇಕಾದದ್ದು

ಕಾರಿನ ಸೈಲೆನ್ಸರ್ ಬದಲಿಸುವ ಬಗ್ಗೆ ಬಂದಿರುವ ಲೇಖನವೊಂದಕ್ಕೆ ಇದು ನನ್ನ ಪ್ರತಿಕ್ರಿಯೆ. ಹೊಗೆ ಪೈಪಿನ ವ್ಯಾಸ ದೊಡ್ಡದಾದಷ್ಟೂ ಕಾರಿನ ಶಕ್ತಿ ಹೆಚ್ಚುತ್ತದೆ ಎಂಬ ಅದರ ಲೇಖಕರ ಮಾತನ್ನು ಒಪ್ಪುವುದು ಕಷ್ಟ. ಅವರು ಉದಾಹರಿಸಿರುವ ಟೊಯೋಟಾ 86 ಕಾರನ್ನೇ ತೆಗೆದುಕೊಳ್ಳೋಣ. ಟರ್ಬೊ ಇಲ್ಲದ ಅದರ 2.0 ಲೀಟರ್ ಬಾಕ್ಸರ್ ಎಂಜಿನ್‌ಗೆ ಕ್ಯಾಟಲಿಟಿಕ್ ಕನ್ವರ್ಟರ್‌ನ (ಹೊಗೆಯ ವಿಷಾಂಶ ತಗ್ಗಿಸುವ ಸಾಧನ) ಹಿಂದಿನ ಪೈಪು, ಸೈಲೆನ್ಸರ್‌ಗಳನ್ನಷ್ಟೇ ಬದಲಿಸಿದರೆ ಸಿಗುವ ಹೆಚ್ಚುವರಿ ಶಕ್ತಿ ಓಡಿಸುವವರ ಅರಿವಿಗೆ ಬರುವಷ್ಟೇನೂ ಇರುವುದಿಲ್ಲ. 4,000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಆಸುಪಾಸಿನಲ್ಲಿ ಟಾರ್ಕ್ (ತಿರುಗಿಸುವ ಬಲ) ಕುಸಿಯುವ ಅದರ ಪ್ರಸಿದ್ಧ ಕೊರತೆಯನ್ನು ತಗ್ಗಿಸಬೇಕಾದರೆ ಹೆಡರ್ (ಸಿಲಿಂಡರ್‌ಗಳಿಂದ ಹೊಗೆಯನ್ನು ಹೊರಗೊಯ್ಯುವ ಮೊದಲ ಕೊಳವೆಗಳು) ಬದಲಿಸಿ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಟ್ಯೂನಿಂಗ್ ಮಾಡಿಸಬೇಕಾಗುತ್ತದೆ.

ಲೇಖನ ಒಂದೇ ಸಾಲಿನಲ್ಲಿ ಮುಗಿಸಿರುವ, ಕಾರಿನೊಳಗೆ ಕೇಳುವ ಸೈಲೆನ್ಸರ್‌ನ ಗುಂಯ್‌ಗುಡುವಿಕೆಯೇ ನನ್ನ ಮಟ್ಟಿಗೆ ಮುಖ್ಯ ವಿಷಯ. ನಾಲ್ಕು ಸಿಲಿಂಡರ್‌ಗಳ ಈ ಎಂಜಿನ್‌ನಲ್ಲಿ 3,000 ಆರ್‌ಪಿಎಂಗೆ ಸೆಕೆಂಡಿಗೆ 100 ಬಾರಿ ದಹನ ನಡೆಯುತ್ತದೆ. ಮ್ಯಾನ್ಯುವಲ್ ಕಾರು ಆರನೇ ಗೇರಿನಲ್ಲಿ ಗಂಟೆಗೆ ಸುಮಾರು 110 ಕಿ.ಮೀ. ವೇಗದಲ್ಲಿ ಹೋಗುವಾಗ ಎಂಜಿನ್ ಹೆಚ್ಚುಕಡಿಮೆ ಅಲ್ಲಿಯೇ ಇರುತ್ತದೆ. ಆ 100 ಹರ್ಟ್ಸ್ ಸದ್ದು ಕ್ಯಾಬಿನ್‌ನೊಳಗೆ ಅನುರಣಿಸಿದರೆ ದೂರದ ಪ್ರಯಾಣದಲ್ಲಿ ತಲೆ ಸಿಡಿಯುತ್ತದೆ. ಆದ್ದರಿಂದ ರೆಸೊನೇಟರ್ (ಕೆಲವು ಕಂಪನಾಂಕಗಳ ಸದ್ದನ್ನು ತಗ್ಗಿಸುವ ಕೋಶ) ಇರುವ, ಅಥವಾ ಒಂದು ತುದಿ ಮುಚ್ಚಿದ ಪಕ್ಕದ ಕೊಳವೆಯನ್ನು ಆ ಸದ್ದಿನ ತರಂಗಾಂತರದ ಕಾಲುಭಾಗದಷ್ಟು ಉದ್ದಕ್ಕೆ ಕೂರಿಸಿ ಸದ್ದನ್ನು ಅಡಗಿಸುವ ವ್ಯವಸ್ಥೆಯನ್ನೇ ಆರಿಸಬೇಕೆಂದು ಒತ್ತಿ ಹೇಳುತ್ತೇನೆ. ಯೂಟ್ಯೂಬ್ ವಿಡಿಯೊಗಳಲ್ಲಿ ಬಹುಪಾಲು ಹೊರಗಿನ ಸದ್ದು ಮಾತ್ರ ಕೇಳಿಸುತ್ತದೆ. ಅದೇ ವ್ಯವಸ್ಥೆ ಅಳವಡಿಸಿರುವ ಕಾರಿನಲ್ಲಿ ಕಿಟಕಿ ಏರಿಸಿಕೊಂಡು ಹೆದ್ದಾರಿಯಲ್ಲಿ ಒಮ್ಮೆ ಹೋಗಿ ಬಂದ ಮೇಲೆಯೇ ಹಣ ಕೊಡಿ. ಲೋಹದ ವಿಚಾರದಲ್ಲಿ 409ಕ್ಕಿಂತ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ತುಕ್ಕನ್ನು ಚೆನ್ನಾಗಿ ತಡೆಯುತ್ತದೆ.

ನಮ್ಮಂತೆ ಕ್ಯಾಲಿಫೋರ್ನಿಯಾದಲ್ಲಿರುವವರು ಸೈಲೆನ್ಸರ್ ಸದ್ದಿಗಿರುವ 95 ಡೆಸಿಬಲ್ ಮಿತಿಯನ್ನು ಮರೆಯುವಂತಿಲ್ಲ. ಈ ಕಾರಿನ ಹೆಡರ್‌ನಲ್ಲೇ ಕ್ಯಾಟಲಿಟಿಕ್ ಕನ್ವರ್ಟರ್ ಇರುವುದರಿಂದ, ರಾಜ್ಯದ ವಾಯುಮಾಲಿನ್ಯ ನಿಯಂತ್ರಣ ಸಂಸ್ಥೆಯಾದ ಏರ್ ರಿಸೋರ್ಸಸ್ ಬೋರ್ಡ್‌ನ ಅನುಮತಿ ಸಂಖ್ಯೆ ಇಲ್ಲದ ಹೆಡರ್ ಹಾಕಿಸಿದರೆ ಸ್ಮಾಗ್ ತಪಾಸಣೆಯಲ್ಲಿ (ವಾಹನದ ಹೊಗೆ ಪರೀಕ್ಷೆ) ಭಾಗಗಳನ್ನು ಕಣ್ಣಾರೆ ನೋಡುವ ಹಂತದಲ್ಲೇ ಕಾರು ಫೇಲಾಗುತ್ತದೆ.